ಎಮ್ಮೆಯ ಜಾಗದಲ್ಲಿ ಇಂಜಿನ್ನು

ನಮ್ಮಪ್ಪ ಮೂಡಲಗಿಯ ದನದ ಸಂತೆಗೆ ಎಮ್ಮೆ ತರಲು ಹೋಗಿ ಲೇಥ್ ಮಷಿನ್ನು ತಂದ. ಗೋಕಾಕದ ನಮ್ಮ ಓಣಿಯಲ್ಲಿ ಟೆಂಪೋ ಬಂದು ನಿಂತದ್ದು, ಆಯಿ, ಅಂದರೆ ಅಪ್ಪನ ತಾಯಿ, ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ಕಾದದ್ದು, ಹೊಸ ಎಮ್ಮೆಯ ಕಾಲು ತೊಳೆಯಲೆಂದು ಅವ್ವ ತುಂಬಿದ ಕೊಡ ತಂದಿಟ್ಟದ್ದು, ಟೆಂಪೋದ ಹಿಂದಿನ ಹಲಗೆ ಬಿಚ್ಚಿದಾಗ ಕೊಂಬಿಲ್ಲದ, ಬಾಲವಿಲ್ಲದ ಕಬ್ಬಿಣದ ಪ್ರಾಣಿಯೊಂದು ಎಮ್ಮೆಗೆಂದು ಒಯ್ದಿದ್ದ ಹೊಸ ಹಗ್ಗದಲ್ಲೇ ಬಿಗಿಸಿಕೊಂಡು ಕೂತದ್ದು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನನ್ನ ತಮ್ಮ ರವಿ ಹೇಳುವ ಪ್ರಕಾರ ಆ ದಿನ ನಾನು ಗೋಕಾಕದಲ್ಲಿಯೇ ಇರಲಿಲ್ಲ. ಹುಕ್ಕೇರಿಯಲ್ಲಿ, ಅವ್ವನ ತವರುಮನೆಯಲ್ಲಿ, ಜ್ವರ ಬಂದು ಮಲಗಿದ್ದೆನಂತೆ. ಆಗ ತೊಟ್ಟಿಲಲ್ಲಿದ್ದ ನಿನಗಿದು ಹೇಗೆ ಗೊತ್ತು ಎಂದು ಕೇಳಿದರೆ, ಅವ್ವ ಹೇಳಿದ್ದಳು ಎನ್ನುತ್ತಾನೆ. ನನಗೂ ಅವ್ವನೇ ಹೇಳಿರಬೇಕು. ಒಬ್ಬಳೇ ತಾಯಿ ಒಬ್ಬ ಮಗನಿಗೆ ಅಕ್ಕ ಇರಲಿಲ್ಲವೆಂದೂ, ಒಬ್ಬ ಮಗಳಿಗೆ ನೀನು ಅಲ್ಲೇ ಇದ್ದೆ ಎಂದು ಅನ್ನಿಸುವಂತೆಯೂ ಹೇಳಿ ಹೋಗಿದ್ದಾಳೆ. ನಾನು ಇಷ್ಟು ವರ್ಷ ದಿನಚರಿ ಬರೆಯುತ್ತ ಬಂದಿದ್ದರೂ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ಭರವಸೆ ಇಲ್ಲದಿರುವುದಕ್ಕೆ ಇಂಥವೇ ಕಾರಣ.

ನಾನು ಇದ್ದೆನೋ ಇಲ್ಲವೋ, ಟೆಂಪೋದ ಮುಂದೆ ನಡೆದ ಮಾತುಗಳ ಬಗ್ಗೆ ಮಾತ್ರ ಮನೆಯಲ್ಲಿ ಎರಡು ಅಭಿಪ್ರಾಯ ಇರಲಿಲ್ಲ.

"ಇದೇನೋ ಶಿವಪ್ಪಾ?" ಎಂದಳಂತೆ ಆಯಿ.

"ಲೇಥ್ ಐತವ್ವಾ."

"ಹೊತ್ತಿಗಿ ಎಷ್ಟ ಸೇರ ಹಾಲ ಕೊಡತೈತಿ?"

"ಹಾಲ ಕೊಡೂದಿಲ್ಲವ್ವಾ. ಕಬ್ಬಿಣಾ ಕೊರಿತೈತಿ."

"ತಿನ್ನೂದೇನು?"

"ಎಣ್ಣಿ. ಅದೂ ನಾಕ ಹನಿ."

ಆಯಿ ಆರತಿ ತಟ್ಟೆ ಹಿಡಿದು ಒಳಗೆ ಹೊರಟಳು. ಆಗ ಗೋಡೆಯಾಚೆಯ ಮನೆಯ ದಾವಲಬಿ ಅತ್ತಿ ತನ್ನ ಕಟ್ಟೆಯ ಮೇಲಿಂದಲೇ ಕೂಗಿದಳು. ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುತ್ತಿದ್ದ ದಾವಲಬಿ ಅತ್ತಿಗೆ ನಮ್ಮ ಮನೆಯ ಶಾಸ್ತ್ರಗಳು ನಮಗಿಂತ ಚೆನ್ನಾಗಿ ಗೊತ್ತಿದ್ದವು.

"ಆಯೀ, ಹಚ್ಚಿದ ಆರತಿ ಹಂಗಾ ಒಳಗ ಒಯ್ಯಬಾರದ್ರಿ. ಬಂದದ್ದು ಏನರ ಇರ್ಲಿ, ಬೆಳಗಿ ಬಿಡ್ರಿ."

ಆಯಿ ತಿರುಗಿ ಬಂದಳು. ಹಲ್ಲು ಕಚ್ಚಿಕೊಂಡು ಲೇಥಿಗೆ ಆರತಿ ಬೆಳಗಿದಳು. ಎಮ್ಮೆಗೆಂದು ಮಾಡಿದ್ದ ಸಜ್ಜೆಯ ರೊಟ್ಟಿಯನ್ನು ಮಾತ್ರ ಟೆಂಪೋ ಡ್ರೈವರನಿಗೆ ಕೊಟ್ಟಳು.

ಅಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ರಿಪೇರಿ ಕೆಲಸದವನು. ದಿನಾ ಬೆಳಗ್ಗೆ ಸೈಕಲ್ ಮೇಲೆ ಹೋಗಿ ಸವೆದ ಹಲ್ಲಿನ ಚಕ್ರ, ಮುರಿದ ಗೂಟ, ಬಾಗಿದ ಸರಳು ಇವನ್ನೆಲ್ಲ ಹೊಸದಾಗಿ ಮಾಡಿಕೊಟ್ಟು ಬರುತ್ತಿದ್ದ. ಆ ದಿನ ಮೂಡಲಗಿಯಲ್ಲಿ ಪಂಪುಸೆಟ್ಟು ರಿಪೇರಿ ಮಾಡುವ ಪರಿಚಯದವನೊಬ್ಬ ಅಂಗಡಿ ಮುಚ್ಚಿ ಹೊಲದಲ್ಲಿ ಕಬ್ಬು ಹಚ್ಚಲು ಹೊರಟಿದ್ದನಂತೆ. ಕಾಲಿನಿಂದ ತುಳಿದು ಓಡಿಸುವ ಹಳೆಯ ಲೇಥು ಅವನ ಬಾಗಿಲಲ್ಲಿ ನಿಂತಿತ್ತಂತೆ. ಅಪ್ಪ ನಿಂತ. ಸಂತೆ ಅಲ್ಲಿಂದ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಇಡಲಾಗಲಿಲ್ಲ. ಯಾಕೆಂದು ಅವ್ವ ಕೇಳಿದಾಗ ಅವನು ಹೇಳಿದ್ದನ್ನು ನಾನು ಮುಂದೆ ಹಲವು ಸಲ ಅವನ ಬಾಯಿಂದಲೇ ಕೇಳಿದ್ದೇನೆ, ಆದ್ದರಿಂದ ಇದು ನನ್ನದೇ ನೆನಪು:

"ಇಷ್ಟ ವರ್ಷ ಬರೇ ತುಂಡ ಮಾಡೇನಿ. ಒಬ್ಬರ ಕಾಲ, ಒಬ್ಬರ ಕೈ, ಇನ್ನೊಬ್ಬರ ಹಲ್ಲ. ಇಡೀ ಒಂದು ನನ್ನ ಕೈಲೆ ಆಗಬೇಕು. ತಾನಾ ತಿರಗಬೇಕು. ಸಣ್ಣದಿದ್ರೂ ಇರ್ಲಿ."

ಆ ಇಡೀ ಒಂದು, ಅಂಗೈ ಮೇಲೆ ಕೂರುವಂಥ ಉಗಿ ಇಂಜಿನ್ನು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ತಗ್ಗು ಜಾಗ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಊಟ, ನಿದ್ದೆ, ಜಗಳ, ಬಂದವರೊಡನೆ ಮಾತು, ಎಲ್ಲ ಅಲ್ಲೇ. ಎಮ್ಮೆ ಇದ್ದಾಗ ಅದರ ಮೂತಿ ನೋಡುತ್ತ ನಾವು ಉಣ್ಣುತ್ತಿದ್ದೆವು, ನಮ್ಮ ಮೂತಿ ನೋಡುತ್ತ ಅದು ಮೆಲುಕು ಹಾಕುತ್ತಿತ್ತು. ಆ ಎಮ್ಮೆ ಮುಪ್ಪಾಗಿ ಸತ್ತ ಮೇಲೆ ಖಾಲಿ ಬಿದ್ದ ಜಾಗಕ್ಕೆ ಲೇಥು ಬಂತು. ಮೇವು ಹಾಕುವ ಗ್ವಾದಲಿಯಲ್ಲಿ ಅಪ್ಪನ ಅರ, ಉಳಿ, ಸುತ್ತಿಗೆಗಳು ಬಂದು ಕೂತವು. ಎಮ್ಮೆ ಕಟ್ಟುವ ಗೂಟಕ್ಕೆ ಅವನ ಎಣ್ಣೆ ಅಂಗಿ ನೇತುಬಿತ್ತು. ಸಂಜೆ ಗಿರಣಿಯಿಂದ ಬಂದು ಚಹಾ ಕುಡಿದವನೇ ಅವನು ತುಳಿಯಲು ನಿಂತರೆ, ಅವ್ವ ರೊಟ್ಟಿ ಬಡಿಯುವ ಸದ್ದೂ ಅವನು ತುಳಿಯುವ ಸದ್ದೂ ಒಂದಾಗಿ, ಯಾವುದು ಯಾವುದನ್ನು ಹಿಂಬಾಲಿಸುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಹಿತ್ತಾಳೆಯ ಸುರುಳಿ ಚೂರುಗಳು ಎಲ್ಲಿ ಬೇಕಾದಲ್ಲಿ ಸಿಗುತ್ತಿದ್ದವು. ಒಮ್ಮೆ ಕಾಕಾನ ಝುಣಕದಲ್ಲಿ ಒಂದು ಸಿಕ್ಕಿತು. ಕಾಕಾ ಅದನ್ನು ಬೆರಳಿನಲ್ಲಿ ಎತ್ತಿ ಹಿಡಿದು, "ವೈನೀ, ಒಗ್ಗರಣಿಗಿ ಬಂಗಾರ ಹಾಕೀರೇನ್ರಿ?" ಎಂದು ಅವ್ವನನ್ನು ಕೇಳಿದ.

ಈ ಕಾಕಾ, ಅಪ್ಪನ ತಮ್ಮ ಮಲ್ಲಪ್ಪ, ಧಾರವಾಡದಲ್ಲಿ ಓದಿ ಬಂದವನು. ಬರುವಾಗ ಒಂದು ಡಿಗ್ರಿ, ಎರಡು ಬಿಳಿ ಅಂಗಿ, ಮತ್ತು ದೇವರಿಲ್ಲವೆಂಬ ಸುದ್ದಿ ತಂದಿದ್ದ. ಅಂಗಿಗಳಿಗೆ ದಿನಾ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಸುದ್ದಿಯನ್ನು ದಿನಾ ಪಡಸಾಲೆಯಲ್ಲಿ ಓದಿ ಹೇಳುತ್ತಿದ್ದ. ಡಿಗ್ರಿ ಪೆಟ್ಟಿಗೆಯಲ್ಲಿತ್ತು. ಆಯಿಯ ಮನೆಯಲ್ಲಿ ನಿಯಮ ಒಂದೇ: ಕಾಯಕ ಇಲ್ಲದ್ದಕ್ಕೆ ಜಾಗ ಇಲ್ಲ. ಬೆಳಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದಳೆಂದರೆ ವಿಭೂತಿಯ ಹಣೆಯಲ್ಲಿಯೇ ತಪಾಸಣೆಗೆ ಏಳುತ್ತಿದ್ದಳು. ಬೆಕ್ಕಿನ ಕಾಯಕ ಇಲಿ. ನನ್ನ ಕಾಯಕ ಕಸಬರಿಗೆ ಮತ್ತು ಶಾಲೆ, ಆ ಕ್ರಮದಲ್ಲಿ. ತೊಟ್ಟಿಲಲ್ಲಿದ್ದ ರವಿಗೂ ಒಂದು ಕಾಯಕವಿತ್ತು: ಸುಮ್ಮನಿರುವುದು. ಕಾಕಾನ ಕಾಯಕದ ಪ್ರಶ್ನೆಯನ್ನು ಊಟದ ಹೊತ್ತಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಲೇಥು ಬಂದ ಮೇಲೆ ಕಾಕಾನಿಗೆ ಪುಣ್ಯ ಬಂತು, ಆಯಿಯ ದೃಷ್ಟಿಯೆಲ್ಲ ಅತ್ತ ಹೊರಳಿತು.

"ಇದರ ಕಾಯಕ ಏನೋ?"

"ಇಂಜಿನ್ ಮಾಡೂದವ್ವಾ."

"ಆ ಇಂಜಿನ್ನಿನ ಕಾಯಕ?"

"ತಿರಗೂದು."

"ತಿರಗಿ?"

ಅಪ್ಪ ಲೇಥ್ ತುಳಿಯತೊಡಗಿದ. ಆಯಿ ಅದನ್ನು 'ಆಟಗಿ ಸಾಮಾನ' ಎಂದು ಕರೆದಳು. ಕಟ್ಟಿಗೆಯ ಬಣ್ಣದ ಗೊಂಬೆಗೆ ಹೆಸರಾದ ಊರು ನಮ್ಮದು. "ಗೋಕಾವ್ಯಾಗ ಆಟಗಿ ಸಾಮಾನಿಗಿ ಬರಗಾಲ ಬಿದ್ದೈತೇನೋ, ನೀ ಒಂದ ಮಾಡಾಕ ನಿಂತಿ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ಇಂಜಿನ್ನು ಮಾತ್ರ ಮನೆಯ ಸಾಮಾನುಗಳನ್ನು ಒಂದೊಂದಾಗಿ ನುಂಗುತ್ತ ಬೆಳೆಯಿತು. ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಅಜ್ಜನ ತಕ್ಕಡಿಯ ಕಬ್ಬಿಣದ ಗುಂಡೊಂದು, ಸೇರಿನ ಲೆಕ್ಕ ಹೋಗಿ ಕೆಜಿ ಬಂದ ಮೇಲೆ ಬಾಗಿಲಿಗೆ ಒತ್ತು ಕೊಡಲು ಬಿದ್ದಿದ್ದದ್ದು, ತಿರುಗುವ ಗಾಲಿಯಾಯಿತು. ದೀಪ ಹಚ್ಚುವ ಮುರಿದ ಹಿತ್ತಾಳೆ ಸಮೆಯ ಕಂಬ ಕೊರೆಸಿಕೊಂಡು ಸಿಲಿಂಡರ್ ಆಯಿತು. ಒಂದು ದಿನ ಅವ್ವ ಅಡುಗೆಮನೆಯ ಮೂಲೆ ಮೂಲೆ ಹುಡುಕಿ ಪಡಸಾಲೆಗೆ ಬಂದಳು.

"ನನ್ನ ತಾಮ್ರದ ತಂಬಿಗಿ ಎಲ್ಲಿ ಐತ್ರಿ?"

"ಇಲ್ಲೇ ಐತೆಲ್ಲಾ."

"ಅದರ ಬಾಯಿ ಎಲ್ಲಿ ಐತ್ರಿ?"

"ಮುಚ್ಚೇನಿ. ಬಾಯ್ಲರ್ ಅಂದ್ರ ಬಾಯಿ ಮುಚ್ಚಲೇಬೇಕ."

"ಹುಕ್ಕೇರಿಂದ ನಮ್ಮಪ್ಪ ಹೆಸರ ಕೊರಿಸಿ ಕೊಟ್ಟ ತಂಬಿಗಿ ಬಾಯಿ ಮುಚ್ಚೀರಿ. ಇನ್ನ ನನ್ನ ಬಾಯಿ ಹೆಂಗ ಮುಚ್ಚತೀರಿ, ನೋಡ್ತೇನಿ ನಾನೂ."

ಮುಚ್ಚಲಾಗಲಿಲ್ಲ. ಅವ್ವ ಎಂಟು ದಿನ ಮಾತಾಡಿದಳು. ನನಗೆ ಎಂಟು ದಿನವೆಂದು ನೆನಪು. ಅಪ್ಪ ಕೊನೆಯವರೆಗೂ ಎರಡು ತಿಂಗಳೆಂದೇ ಹೇಳುತ್ತಿದ್ದ. ಹುಕ್ಕೇರಿಯ ಅಜ್ಜನ ಹೆಸರು ಬಾಯ್ಲರಿನ ಹೊಟ್ಟೆಯ ಮೇಲೆ ಹಾಗೇ ಉಳಿದದ್ದರಿಂದ, ಬೆಂಕಿ ಹಚ್ಚುವ ಕಡೆಗೆ ಹೆಸರು ಬರದಂತೆ ಅದನ್ನು ತಿರುಗಿಸಿ ಕೂರಿಸಿದ ಮೇಲೆ ಸಂಧಾನವಾಯಿತು.

ಪಿಸ್ಟನ್ನಿನ ಪಕ್ಕದಲ್ಲಿ ಗಾಳಿ ಸೋರುತ್ತಿತ್ತು. ಅಪ್ಪ ಎಣ್ಣೆ ಹಚ್ಚಿದ ನೂಲು ಸುತ್ತಿದ. ಸುತ್ತಿದ್ದು ಹೆಚ್ಚಾಗಿ ಬಿಗಿಯಾಯಿತು. ಬಿಚ್ಚಿದ, ಮತ್ತೆ ಸೋರಿತು. ಉಗಿ ಹಾಯಿಸುವ ಮೊದಲು ಬಾಯಿಂದ ಊದಿ ನೋಡುವುದು ಪದ್ಧತಿಯಂತೆ. ಸಣ್ಣ ಕೊಳವೆಗೆ ಬಾಯಿ ಹಚ್ಚಿ ಅವನು ಊದುತ್ತಿದ್ದ, ಗಾಲಿ ಅರ್ಧ ಸುತ್ತು ಹೋಗಿ ಯೋಚನೆ ಮಾಡುತ್ತಿತ್ತು. ಬಂದ ನೆಂಟರಿಗೆಲ್ಲ ಚಹಾದ ಮೊದಲು ಊದುವ ಕೆಲಸ. ಕಾಕಾನ ದಮ್ಮು ಎಲ್ಲರಿಗಿಂತ ಉದ್ದ. ಭಾಷಣದ ರೂಢಿ. ಆಯಿ ಜಪಮಣಿ ಸರಿಸುತ್ತ ನೋಡಿ ಹೇಳಿದಳು: "ಇಷ್ಟ ಊದಿದ್ರ ನಮ್ಮ ಹಸಿ ಕಟಗಿ ಒಲಿನರ ಹೊತ್ತತಿತ್ತು."

ಹೀಗೆ ಎಮ್ಮೆಯಿಲ್ಲದೆ ಎರಡು ಬೇಸಿಗೆ ಕಳೆದವು. ದಾವಲಬಿ ಅತ್ತಿಯ ಮನೆಯಿಂದ ಹಾಲು ತರುವುದು, ಅದೂ ತನ್ನ ಮನೆಯ ಗ್ವಾದಲಿ ಗಟ್ಟಿಯಾಗಿ ನಿಂತಿರುವಾಗ, ಆಯಿಗೆ ಅಪಮಾನ. ಕೊನೆಗೆ ಒಂದು ದಿನ ಊಟಕ್ಕೆ ಕೂತವರ ನಡುವೆ ನಿಂತು ತೀರ್ಪು ಹೇಳಿದಳು.

"ಶಿವಪ್ಪಾ, ಕೇಳ. ಈ ಬನ್ನಿ ಹಬ್ಬಕ್ಕ ಮಂದಿ ಬನ್ನಿ ಕೊಡಾಕ ಬರ್ತಾರ. ಮಂದಿ ಮುಂದ ನಿನ್ನ ಇಂಜಿನ್ ತಿರಗಬೇಕು. ತಿರಗಿತೋ, ನಾ ಮತ್ತ ಬಾಯಿ ತಗಿಯೂದಿಲ್ಲ. ತಿರಗಲಿಲ್ಲೋ, ಮಶಿನ್ ಹೊರಗ, ಎಮ್ಮಿ ಒಳಗ."

"ಆತವ್ವಾ."

"ಮಲ್ಲಪ್ಪಾ, ನೀ ಮೂಡಲಗಿಗಿ ಹೋಗಿ ಒಂದ ಎಮ್ಮಿ ಗೊತ್ತ ಮಾಡಿ ಬಾ. ಬರೂ ಮುಂದ ಬ್ಯಾರೆ ಏನೂ ತರಬ್ಯಾಡ."

ಕಾಕಾ ಹೋದ, ಎಮ್ಮೆ ಗೊತ್ತು ಮಾಡಿ ಬಂದ. ಬನ್ನಿಯ ಮರುದಿನ ಅದು ಬರುವುದೆಂದಾಯಿತು. ಅಪ್ಪ ಊಟ ಬಿಟ್ಟ ಎಂದು ಬರೆಯಬೇಕೆನ್ನಿಸುತ್ತದೆ, ಆದರೆ ಅವನು ಊಟ ಬಿಟ್ಟದ್ದನ್ನು ನಾನು ಎಂದೂ ನೋಡಿದವಳಲ್ಲ. ರೊಟ್ಟಿಯನ್ನು ಸುತ್ತಿ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಅರ ಉಜ್ಜುತ್ತಿದ್ದ ಎಂಬುದು ಹೆಚ್ಚು ನಿಜ. ಲೇಥು ಹೋದರೆ ಮತ್ತೆ ಅವನಿಗೆ ತುಂಡುಗಳೇ ಗತಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಯಲ್ಲಿ ಮೃದು ಮಾತು ಯಾರಾದರೂ ಜಡ್ಡು ಬಂದು ಮಲಗಿದಾಗ ಮಾತ್ರ.

ಬನ್ನಿಯ ಹಿಂದಿನ ದಿನ ಖಂಡೆ ಪೂಜೆ. ಕುಡಗೋಲು, ಕೊಡಲಿ, ಈಳಿಗೆ, ಅಪ್ಪನ ಸೈಕಲ್ಲು, ಕಾಕಾನ ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ವಿಭೂತಿ, ಹೂವು. ಲೇಥಿಗೂ ಸಂದಿತು. ಆಯಿ ಅರಿಷಿಣ-ಕುಂಕುಮದ ಬಟ್ಟಲು ಹಿಡಿದು ಇಂಜಿನ್ನಿನ ಕಡೆ ಹೊರಳಿದ್ದೇ ತಡ, ಅಪ್ಪ ಎರಡೂ ಕೈ ಅಡ್ಡ ಹಿಡಿದ.

"ಇದಕ್ಕ ಬ್ಯಾಡವ್ವಾ. ಸಣ್ಣ ಸಣ್ಣ ತೂತ ಅದಾವು. ಒಂದ ಚಿಟಿಕಿ ಹೋದ್ರ ಕಟ್ಟಿ ನಿಂದರತೈತಿ."

"ಹೊಸಾ ಒಲಿ ಮ್ಯಾಲ ಮೊದಲ ಹಾಲ ಉಕ್ಕಿಸೂದರ ಐತಿಲ್ಲೋ?"

"ಇದ ಒಲಿ ಅಲ್ಲವ್ವಾ!"

"ಕೆಳಗ ಬೆಂಕಿ, ಮ್ಯಾಲ ಭಾಂಡಿ. ಒಲಿ ಅಲ್ಲದ ಮತ್ತೇನು?"

"ಎಲ್ಲಾರೂ ಕೇಳ್ರಿಪಾ," ಎಂದು ಅಪ್ಪ ಪಡಸಾಲೆಗೆಲ್ಲ ಕೇಳುವಂತೆ ಕೂಗಿದ, "ಇದರಾಗ ನೀರ ಬಿಟ್ಟ ಏನೂ ಹಾಕಂಗಿಲ್ಲ. ಅರಿಷಿಣ ಇಲ್ಲ, ಕುಂಕುಮ ಇಲ್ಲ. ಹಾಲಂತೂ ಇಲ್ಲಾ ಅಂದ್ರ ಇಲ್ಲ."

"ಖರೆ ಐತಿ ಅಣ್ಣಾ," ಎಂದ ಕಾಕಾ. "ಉಗಿ ವಿಜ್ಞಾನ. ಅದಕ್ಕ ಶಾಸ್ತ್ರ ತಿಳಿಯೂದಿಲ್ಲ."

ಆಯಿ ಏನೂ ಅನ್ನಲಿಲ್ಲ. ಆಯಿ ಏನೂ ಅನ್ನದಿದ್ದದ್ದನ್ನು ಅಂದು ಯಾರಾದರೂ ಗಮನಿಸಬೇಕಿತ್ತು.

ಬನ್ನಿಯ ದಿನ ಬೆಳಗ್ಗೆಯೇ ಅಪ್ಪ ಇಂಜಿನ್ನನ್ನು ಗ್ವಾದಲಿಯ ದಂಡೆಯ ಮೇಲೆ ಕೂರಿಸಿ, ಬಾಯ್ಲರಿಗೆ ಅರ್ಧದಷ್ಟು ನೀರು ತುಂಬಿ, ಬೆರಳಿನಿಂದ ತಿರುಗಿಸುವ ಸಣ್ಣ ಬಿರಡೆ ಹಾಕಿ, ಲಾಳಿಕೆಯನ್ನು ಬಾಜೂಕ್ಕೆ ಇಟ್ಟ. ಉಳಿದ ಅರ್ಧ ಖಾಲಿ ಇರಬೇಕು, ಉಗಿಗೆ ಜಾಗ ಬೇಕು ಎಂದು ವಿವರಿಸಿದ. ಯಾರಿಗೆ ವಿವರಿಸಿದನೋ ತಿಳಿಯದು. ನಂತರ ಅವನು ಪೇಟೆಗೆ ಹೋದ, ಕಾಕಾ ಒಳಗೆ ಅಂಗಿ ಇಸ್ತ್ರಿ ಮಾಡುತ್ತಿದ್ದ, ಅವ್ವ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು, ಆಯಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ನಾನು ಹೊಸ ಲಂಗ ಉಟ್ಟು ಓಣಿಯೆಲ್ಲ ತೋರಿಸಿ ಬರಲು ಹೋಗಿದ್ದೆ. ಆ ಹಗಲಿಡೀ ಇಂಜಿನ್ನಿನ ಹತ್ತಿರ ಯಾರೂ ಸುಳಿಯಲಿಲ್ಲ ಎಂದೇ ಮುಂದೆ ಎಲ್ಲರೂ ಸಾಕ್ಷಿ ಹೇಳಿದರು.

ಸಂಜೆ ಮಂದಿ ಬರತೊಡಗಿದರು. ಕೈಗೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡ ಬಂಗಾರದಂಗ ಇರೂಣು" ಎನ್ನುವುದು, ಹಿರಿಯರ ಕಾಲು ಮುಟ್ಟುವುದು, ಪಡಸಾಲೆಯಲ್ಲಿ ಕೂರುವುದು. ಗಿರಣಿಯ ಗೆಳೆಯರು ಬಂದರು, ಓಣಿಯವರು ಬಂದರು. ಎಲ್ಲರೂ ಮೆಟ್ಟಿಲ ಮೇಲೆ ಕೂತು ತಗ್ಗಿನ ಜಾಗವನ್ನೇ ನೋಡತೊಡಗಿದಾಗ ಅದು ಬಯಲಾಟದ ರಂಗದಂತೆ ಕಂಡಿತು. ಅಪ್ಪ ಬತ್ತಿ ಹಚ್ಚಿದ. ಬಾಯ್ಲರಿನ ಕೆಳಗೆ ನೀಲಿ ಉರಿ ಎದ್ದಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಯಿಯ ತುಟಿಗಳು ಅಲ್ಲಾಡುತ್ತಿದ್ದವು. ಎಮ್ಮೆಗಾಗಿ ಬೇಡುತ್ತಿದ್ದಾಳೆಂದು ನಾನು ತಿಳಿದೆ.

ಆಮೇಲೆ ಒಳಗೆ ಗುಳುಗುಳು ಸದ್ದು. ಸಣ್ಣಗೆ ಸುಂಯ್ ಎಂದಿತು. ಅಪ್ಪ ಗಾಲಿಗೆ ಬೆರಳಿಂದ ಒಂದು ತಟ್ಟು ಕೊಟ್ಟ. ಗಾಲಿ ಅರ್ಧ ಸುತ್ತು ಹೋಯಿತು, ಯೋಚನೆ ಮಾಡಿತು, ನಂತರ ಯಾರ ಹಂಗೂ ಇಲ್ಲದಂತೆ ಪೂರ್ತಿ ಸುತ್ತಿತು. ಮತ್ತೊಂದು. ಮತ್ತೊಂದು. ಟುಕ್ ಟುಕ್ ಟುಕ್.

"ತಿರಗಾಕತ್ತಿತು!" ಎಂದು ಯಾರೋ ಕೂಗಿದರು. ಕೂಗಿದ್ದು ಆಯಿ. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆ ಕ್ಷಣಕ್ಕೇ ಇಂಜಿನ್ನು ಕೆಮ್ಮಿತು. ಸಿಲಿಂಡರಿನ ಸಂದಿಯಿಂದ ಬೆಳ್ಳಗೆ ನೊರೆ ಉಕ್ಕಿತು. ಉಗಿಯಲ್ಲ, ನೊರೆ. ಮೇಲಿನ ಬಿರಡೆ ಟಪ್ಪೆಂದು ಹಾರಿ ಛಾವಣಿಯ ತೊಲೆಗೆ ಬಡಿಯಿತು, ಹಿಂದೆಯೇ ಬಿಳಿಯ ಕಾರಂಜಿ ಎದ್ದು ಕಾಕಾನ ಇಸ್ತ್ರಿ ಅಂಗಿಯ ಮೇಲೆ ಇಳಿಯಿತು. ಗಾಲಿ ಇನ್ನೆರಡು ಸುತ್ತು ಒದ್ದಾಡಿ ನಿಂತುಬಿಟ್ಟಿತು. ಪಡಸಾಲೆಯ ತುಂಬ ಸೀದ ಹಾಲಿನ ವಾಸನೆ. ಬಾಯ್ಲರಿನ ಮೈಯಿಂದ ಇಳಿದ ಹಾಲು ಹುಕ್ಕೇರಿ ಅಜ್ಜನ ಹೆಸರಿನ ಮೇಲೆ ಹಾದು ತೊಟ್ಟು ತೊಟ್ಟಾಗಿ ಗ್ವಾದಲಿಯಲ್ಲಿ ಬೀಳತೊಡಗಿತು.

"ಯಾರು?" ಎಂದ ಅಪ್ಪ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಇದರಾಗ ಹಾಲ ಹಾಕಿದವರು ಯಾರು?"

ಆಗ ಬಾಗಿಲಲ್ಲಿ ದಾವಲಬಿ ಅತ್ತಿ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದು ಕೈಯಲ್ಲಿ ತುಂಬಿದ ಹಾಲಿನ ಚರಿಗೆ.

"ತಡಾ ಆತ್ರಿ ಆಯಿ. ನಿಮ್ಮ ಮನ್ಯಾಗ ಹಾಲ ಸಾಲಾಕತ್ತಿಲ್ಲ ಅಂತ ಸಂಜಿ ಹಿಂಡಿದ್ದೆಲ್ಲಾ ಇಲ್ಲೇ ತಂದೇನಿ. ಮುಂಜಾನಿಂದ ಒಬ್ಬರ ಹಿಂದ ಒಬ್ಬರು ಬಂದ ಬಂದ ಒಯ್ಯಾಕತ್ತೀರಲ್ಲಾ, ಯಾ ನಮೂನಿ ಬೀಗರ ಬಂದಾರಪಾ ಅಂದ್ನಿ!"

"ಯಾರ ಬಂದಿದ್ರು?" ಎಂದ ಅಪ್ಪ.

"ಯಾರ ಅಂದ್ರ? ಆಯಿ ಬಂದಿದ್ರು, ಕಣ್ಣಿಗಿ ಔಷಧಿ ಮಾಡಬೇಕು, ಹಾಲ ಕೊಡ ಅಂದ್ರು. ಒಂದ ಗಿಂಡಿ ಒಯ್ದ್ರು. ನಾ ಅಂದ್ನಿ, ಕಣ್ಣಿಗಿ ಇಷ್ಟ ಹಾಲ ಹಾಕಿದ್ರ ಕಣ್ಣ ಕಾಣತಾವೇನ್ರಿ ಅಂತ."

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ತೊಲೆಯ ಕಡೆ ನೋಡಿದಳು.

"ಆಮ್ಯಾಲ ಅಕ್ಕಾರ ಬಂದ್ರು, ಹಿತ್ತಲ ಬಾಗಲಾಗಿಂದ. ಕೂಸು ಅಳಾಕತ್ತೈತಿ ಅಂದ್ರು."

ಅವ್ವನ ಕಂಕುಳಲ್ಲಿದ್ದ ರವಿ, ಮೂರು ವರ್ಷದ ಗಟ್ಟಿ ಹುಡುಗ, ಹೋಳಿಗೆ ತಿನ್ನುತ್ತ ಎಲ್ಲರನ್ನೂ ನೋಡಿದ.

"ಆಮ್ಯಾಲ ಮಲ್ಲಪ್ಪಣ್ಣ ಬಂದ್ರು. ಬೆಕ್ಕಿಗಿ ಅಂದ್ರು."

"ಬೆಕ್ಕಿಗೇ!" ಎಂದ ಕಾಕಾ, ಹಾಲು ಸುರಿಯುತ್ತಿದ್ದ ಅಂಗಿಯಲ್ಲಿ. "ಹಸದಿತ್ತು ಪಾಪ."

"ಅಣ್ಣಾ, ನಿಮ್ಮ ಬೆಕ್ಕು ಮುಂಜಾನಿಂದ ನಮ್ಮ ಒಲಿ ಬಾಜೂಕ ಮಲಗೇತ್ರಿ. ಈಗೂ ಅಲ್ಲೇ ಐತಿ."

ಗಿರಣಿಯ ಗೆಳೆಯನೊಬ್ಬ ನಗು ತಡೆಯಲಾಗದೆ ಕಂಬದ ಹಿಂದೆ ಹೋದ. ಅಪ್ಪ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ತಾಯಿ, ಹೆಂಡತಿ, ತಮ್ಮ. ಕೈಯಲ್ಲಿ ಸುತ್ತಿಗೆ ಇತ್ತು. "ನಾ ಸಾರಿ ಹೇಳಿದ್ನಿಲ್ಲ?" ಎಂದ. "ಎಲ್ಲಾರ ಮುಂದ ಹೇಳಿದ್ನಿಲ್ಲ, ನೀರ ಬಿಟ್ಟ ಏನೂ ಹಾಕಬ್ಯಾಡ್ರಿ ಅಂತ? ನನ್ನ ಮಾತಿಗಿ ಈ ಮನ್ಯಾಗ..."

"ಮೊದಲ ಬೋಣಗಿ ಮಾಡಿದವ್ರ ನೀವಾ ಅಲ್ಲೇನ್ರಿ, ಶಿವಪ್ಪಣ್ಣಾ," ಎಂದಳು ದಾವಲಬಿ ಅತ್ತಿ ಮುಗ್ಧವಾಗಿ. "ನಸಿಕಿನ್ಯಾಗ ನಾ ಇನ್ನ ಹಿಂಡಾಕ ಕುಂತಿದ್ದಿಲ್ಲ, ಬಂದ ನಿಂತಿದ್ರಿ. ಒಂದ ಚಮಚಾ ಹಾಲ ಬೇಕು, ಚಾಕ್ಕ ಅಂದ್ರಿ."

ಸುತ್ತಿಗೆ ಗ್ವಾದಲಿಯೊಳಗೆ ಜಾರಿತು.

ಆ ಮೌನ ಎಷ್ಟು ಹೊತ್ತು ಇತ್ತೋ ಹೇಳಲಾರೆ. ನನ್ನ ನೆನಪಿನಲ್ಲಿ ಅದು ವರ್ಷ ವರ್ಷಕ್ಕೆ ಉದ್ದವಾಗುತ್ತಿದೆ. ಅದನ್ನು ಮುರಿದವಳೂ ದಾವಲಬಿ ಅತ್ತಿಯೇ. ಅವಳಿಗೆ ಆಗಷ್ಟೇ ಇಂಜಿನ್ನೂ, ಕಾಕಾನ ಅಂಗಿಯೂ, ಗ್ವಾದಲಿಗೆ ತೊಟ್ಟಿಕ್ಕುತ್ತಿದ್ದ ಹಾಲೂ ಕಂಡವು.

"ಅಯ್ಯ ಆಯೀ! ಇನ್ನ ಮೂಡಲಗಿ ಎಮ್ಮಿ ಯಾಕ ಬೇಕ್ರಿ ನಿಮಗ? ಇದಾ ಹಿಂಡಾಕತ್ತೈತೆಲ್ಲ!"

ಮೊದಲು ನಕ್ಕವಳು ಆಯಿ. ನಮ್ಮ ಆಯಿ ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಪಡಸಾಲೆಯೇ ನಕ್ಕಿತು. ನಗದೆ ಉಳಿದವನು ಅಪ್ಪ ಒಬ್ಬನೇ. ಅವನು ನಿಂತ ಗಾಲಿಯನ್ನೇ ನೋಡುತ್ತಿದ್ದ. ಮಂದಿಯ ಮುಂದೆ ತಿರುಗಬೇಕೆಂದು ಮಾತಾಗಿತ್ತು, ತಿರುಗಿ ನಿಂತಿತ್ತು, ಮರುದಿನ ಎಮ್ಮೆ ಬರುವುದಿತ್ತು. ಆಯಿ ಕಣ್ಣೊರೆಸಿಕೊಂಡು, ಮಂಡಿಗೆ ಕೈಕೊಟ್ಟು ಎದ್ದು, ಎರಡು ಮೆಟ್ಟಿಲು ಇಳಿದಳು. ಗ್ವಾದಲಿಯಲ್ಲಿ 'ಆ' ಎಂದು ಬಾಯಿ ತೆರೆದು ಬಿದ್ದಿದ್ದ ಇಕ್ಕಳವನ್ನು ಸರಿಸಿ, ಅಲ್ಲಿ ನಿಂತಿದ್ದ ಹಾಲಿನಲ್ಲಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡಳು.

"ಈ ಗ್ವಾದಲ್ಯಾಗ ಹಾಲ ಬಿದ್ದು ಎರಡ ವರ್ಷ ಆಗಿತ್ತು," ಎಂದಳು.

"ಅವ್ವಾ, ಮಶಿನ್..." ಎಂದ ಅಪ್ಪ.

"ಏನ ಮಶಿನ್? ತಿರಗಿತಿಲ್ಲ? ಮಂದಿ ನೋಡಿಲ್ಲ? ಹಾಲೂ ಕೊಟ್ಟತಿ. ಹಾಲ ಕೊಟ್ಟದ್ದನ್ನ ಹೊರಗ ಹಾಕೂ ಪದ್ಧತಿ ನಮ್ಮ ಮನ್ಯಾಗ ಇಲ್ಲ. ಎಮ್ಮಿ ಬರತೈತಿ, ನಿನ್ನ ಮಶಿನ್ ಒಂದ ಮೊಳ ಆ ಕಡಿ ಸರಸ."

ಎಮ್ಮೆ ಬಂತು. ಲೇಥು ಒಂದು ಮೊಳ ಸರಿಯಿತು. ಅವೆರಡೂ ಒಂದನ್ನೊಂದು ಅನುಮಾನದಿಂದ ನೋಡುತ್ತ ಹತ್ತಾರು ವರ್ಷ ಜೊತೆಗಿದ್ದವು. ಅಪ್ಪ ಇಂಜಿನ್ನು ಬಿಚ್ಚಿದಾಗ ಸಿಲಿಂಡರಿನೊಳಗಿಂದ ಕೆಂಪಗೆ ಕಾದು ಗಟ್ಟಿಯಾದ ಹಾಲಿನ ಖವಾ ಹೊರಟಿತು. "ಸಕ್ಕರಿ ಹಾಕಿದ್ರ ಬೆಳಗಾವಿ ಕುಂದಾ ಆಗತಿತ್ತು," ಎಂದು ಕಾಕಾ ಅಂದ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು ಅವ್ವ. ದೀಪಾವಳಿಯ ಹೊತ್ತಿಗೆ ಅದು ನಿಲ್ಲದೆ ತಿರುಗತೊಡಗಿತು. ಆಯಿ ಕೂಡಲೇ ಅದಕ್ಕೆ ಕಾಯಕ ಹಚ್ಚಿದಳು. ಗಾಲಿಗೆ ದಾರ ಕಟ್ಟಿ ಸಣ್ಣ ಗಡಿಗೆಯಲ್ಲಿ ಮಜ್ಜಿಗೆ ಕಡೆಯುವುದು. ಆ ಇಂಜಿನ್ನಿನ ಶಕ್ತಿಗೆ ಬೆಣ್ಣೆ ಬರಲು ಮುಂದಿನ ಹಬ್ಬ ಬರಬೇಕಿತ್ತು. ಆದರೂ ದಿನಾ ಬರುತ್ತಿತ್ತು. ಅಪ್ಪ ಗಿರಣಿಗೆ ಹೋದ ಮೇಲೆ ಆಯಿ ಸೆರಗು ಸಿಕ್ಕಿಸಿ ತಾನೇ ನಾಲ್ಕು ಎಳೆತ ಎಳೆದು, ಸಂಜೆ ಅವನಿಗೆ ಲೋಟ ಕೊಡುತ್ತ, "ತಗೋ, ನಿನ್ನ ಇಂಜಿನ್ ಮಜ್ಜಿಗಿ," ಎನ್ನುತ್ತಿದ್ದಳು. ಅವನಿಗೆ ಗೊತ್ತಿತ್ತೆಂದು ನನ್ನ ಊಹೆ. ಗೊತ್ತಿರಲಿಲ್ಲವೆಂದು ರವಿಯ ವಾದ.

ಹಾಲಿನ ವಿಚಾರಣೆ ಮಾತ್ರ ಮುಗಿಯಲೇ ಇಲ್ಲ. ನಾನು ಹಾಕಿದ್ದು ಒಂದೇ ಹನಿ ಎಂದು ನಾಲ್ವರೂ ಕೊನೆಯವರೆಗೆ ಹೇಳಿದರು. ನಾಲ್ಕು ಹನಿಗೆ ಬಾಯ್ಲರು ತುಂಬುವುದಿಲ್ಲ. ಆಯಿಯಂತೂ ಎಂದೂ ಚಮಚದಲ್ಲಿ ದಾನ ಮಾಡಿದವಳಲ್ಲ. ನೆನಪೆಂಬುದು ಹೇಳುವವನ ಅಂಗಿಯನ್ನು ಬಿಳಿಯಾಗಿ ಇಡಲು ನೋಡುತ್ತದೆ ಎಂಬುದನ್ನು ನಾನು ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲೇ ಆ ಪಡಸಾಲೆಯಲ್ಲಿ ಕಲಿತೆ. ಬರೆದಿಡಬೇಕೆಂಬ ಹಟ ಅಂದೇ ಹುಟ್ಟಿತು ಎಂದು ಬಹಳ ಕಡೆ ಹೇಳಿಕೊಂಡೂ ಇದ್ದೇನೆ. ಆ ಕಾಲದ ನನ್ನ ನೋಟುಬುಕ್ಕಿನ ಹಾಳೆ ಈಚೆಗೆ ಸಿಕ್ಕಿತು. ಅದರಲ್ಲಿ ಇರುವುದು ಇಷ್ಟೇ: ಇವತ್ತು ಬನ್ನಿ. ಹೊಸ ಲಂಗ. ಹೋಳಿಗೆ ತಿಂದೆ. ಇಂಜಿನ್ನಿನ ಸುದ್ದಿಯೇ ಇಲ್ಲ. ಹಾಗಿದ್ದರೆ ಇಷ್ಟೆಲ್ಲ ನಾನು ಎಲ್ಲಿಂದ ತಂದೆ? ಆದರೆ ಒಂದು ಪ್ರಶ್ನೆಗೆ ಮಾತ್ರ ಸಾಕ್ಷಿ ಬೇಕಾಗಿಲ್ಲ ಎಂದುಕೊಂಡಿದ್ದೇನೆ. ಎಮ್ಮೆ ಬೇಕೆಂದು ಹಟ ಹಿಡಿದವಳು, ತಂಬಿಗೆಗಾಗಿ ಜಗಳವಾಡಿದವಳು, ದೇವರಿಲ್ಲ ಎಂದವನು, ಹಾಲು ಬೇಡವೆಂದು ಸಾರಿದವನು, ಎಲ್ಲರೂ ಆ ದಿನ ಬೇಡಿಕೊಂಡದ್ದು ಒಂದೇ: ತಿರುಗಲಿ.

ಈ ಸಲದ ಬನ್ನಿಗೆ ನಾನೀಗ ನೆಲೆಸಿರುವ ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗಿದ್ದೆ. ಅಪ್ಪ, ಅವ್ವ, ಆಯಿ, ದಾವಲಬಿ ಅತ್ತಿ ಯಾರೂ ಈಗಿಲ್ಲ. ಲೇಥು ಅಲ್ಲೇ ಇದೆ, ರವಿ ಅದರಲ್ಲಿ ಪಂಪಿನ ಸಾಮಾನು ಮಾಡುತ್ತಾನೆ. ಕಾಕಾನಿಗೆ ಕಿವಿ ಮಂದವಾಗಿದೆ, ಅಂಗಿ ಇನ್ನೂ ಬಿಳಿ. ತನ್ನ ಮೊಮ್ಮಗಳಿಗೆ ತೋರಿಸಲೆಂದು ರವಿ ಬಹಳ ವರ್ಷಗಳ ಮೇಲೆ ಇಂಜಿನ್ನನ್ನು ಹೊರತೆಗೆದಿದ್ದ. ಬಾಯ್ಲರಿಗೆ ಒಂದು ಚೀಟಿ ಅಂಟಿಸಿ 'ನೀರು ಮಾತ್ರ' ಎಂದು ದೊಡ್ಡದಾಗಿ ಬರೆದಿದ್ದ.

"ಅಕ್ಕಾ, ಓದಿದಿಲ್ಲ?" ಎಂದ.

"ಓದಿದೆಪಾ."

"ಕಾಕಾ, ನೀವ?"

"ಎಲ್ಲಾ ಮೂಢನಂಬಿಕಿ," ಎಂದ ಕಾಕಾ ಕುರ್ಚಿಯಲ್ಲಿ ನೆಟ್ಟಗೆ ಕೂತು. "ಉಗಿ ವಿಜ್ಞಾನ."

ಮಂದಿ ಬರಲು ಇನ್ನೂ ಹೊತ್ತಿತ್ತು. ನೀರು ಕುಡಿದು ಬರುತ್ತೇನೆಂದು ಹೇಳಿ ನಾನು ಅಡುಗೆಮನೆಗೆ ಹೋದೆ. ಹಾಲಿನ ಪಾತ್ರೆಯ ಮುಚ್ಚಳ ಆಗಲೇ ತೆರೆದಿತ್ತು. ಬಾಜೂಕ್ಕಿದ್ದ ಚಮಚ ಒದ್ದೆಯಾಗಿತ್ತು.

ನಾನು ಇನ್ನೊಂದು ಚಮಚ ಹುಡುಕಿದೆ.